ಬೆಲ್ಟ್ ಬಿಚ್ಚಲು ಕೈ ಎಲ್ಲಿಗೆ ಹೋಗುತ್ತದೆ?

22 ವರ್ಷ ಗಗನಸಖಿಯಾಗಿದ್ದೆ. ಅದರಲ್ಲಿ ಕೊನೆಯ 9 ವರ್ಷ ಹೊಸಬರಿಗೆ ತರಬೇತಿ ಕೊಡುವ ಕೆಲಸ. ಬೆಂಕಿ, ಹೊಗೆ, ನೀರು, ಗಂಟಲು ಹರಿಯುವಂಥ ಕೂಗು, ಇದೇ ನನ್ನ ದಿನಚರಿ. ಆದರೆ ಪ್ರಯಾಣಿಕರು ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ: ಇನ್ನೊಂದು ಲೋಟ ನೀರು ಸಿಗುತ್ತಾ? ಇಳಿಯೋಕೆ ಇನ್ನೂ ಎಷ್ಟು ಹೊತ್ತು? ಹಾಗಾಗಿ 'ವಿಮಾನದಲ್ಲಿ ಅಪಾಯ ಬಂದಾಗ ಏನು ಮಾಡಬೇಕು, ಕೇಳಿ' ಎಂದು ಸಂಪಾದಕರು ಪ್ರಕಟಿಸಿದ ಮೇಲೆ ಬಂದ ಪತ್ರಗಳ ಕಂತೆ ನೋಡಿ ನನಗೆ ಖುಷಿಯೇ ಆಯಿತು. ಕೆಲವಕ್ಕೆ ಉದ್ದ ಉತ್ತರ, ಕೆಲವಕ್ಕೆ ಒಂದೆರಡು ಸಾಲು. ಬೇಜಾರು ಮಾಡಿಕೊಳ್ಳಬೇಡಿ.

ವಿಮಾನ ಬಿದ್ದರೆ ಕಥೆ ಮುಗೀತು, ಅಲ್ವಾ ಮೇಡಂ? ಮತ್ತೆ ಹಾರೋಕೆ ಮುಂಚೆ ನೀವು ನಿಂತು ತೋರಿಸೋ ಈ ಡೆಮೊ, ಸೀಟಿನ ಮುಂದಿನ ಸುರಕ್ಷತೆಯ ಕಾರ್ಡು, ಬೆಲ್ಟು ಎಲ್ಲ ಸುಮ್ನೆ ಶಾಸ್ತ್ರಕ್ಕೆ ತಾನೆ?

ಅಲ್ಲ ಸ್ವಾಮಿ. ಅಪಘಾತ ಎಂದ ತಕ್ಷಣ ಆಕಾಶದಿಂದ ಬೀಳುವ ಚಿತ್ರವೇ ನಿಮ್ಮ ಕಣ್ಣಿಗೆ ಬರುತ್ತದೆ. ನಾವು ತರಬೇತಿಯಲ್ಲಿ ಜಾಸ್ತಿ ಹೊತ್ತು ಕಳೆಯುವುದು ನೆಲದ ಮೇಲಿನ ಅಪಾಯಗಳ ಮೇಲೆ. ಎಂಜಿನ್‌ಗೆ ಬೆಂಕಿ, ರನ್‌ವೇ ದಾಟಿ ಮುಂದೆ ಹೋದ ವಿಮಾನ, ಚಕ್ರ ಮುರಿದು ಹೊಟ್ಟೆಯ ಮೇಲೆ ಜಾರಿದ ವಿಮಾನ. ಇವುಗಳಲ್ಲಿ ಜನ ಬದುಕುತ್ತಾರೆ. ಹೊರಗೆ ಬಂದರೆ ಮಾತ್ರ.

2024ರ ಜನವರಿ 2ರಂದು ಟೋಕಿಯೊದ ಹನೆಡಾ ನಿಲ್ದಾಣದಲ್ಲಿ ಇಳಿಯುತ್ತಿದ್ದ ದೊಡ್ಡ ವಿಮಾನವೊಂದು ರನ್‌ವೇಯಲ್ಲಿ ನಿಂತಿದ್ದ ಕರಾವಳಿ ಕಾವಲು ಪಡೆಯ ಸಣ್ಣ ವಿಮಾನಕ್ಕೆ ಡಿಕ್ಕಿ ಹೊಡೆಯಿತು. ಸಣ್ಣ ವಿಮಾನದಲ್ಲಿದ್ದ 6 ಜನರಲ್ಲಿ 5 ಜನ ತೀರಿಹೋದರು. ದೊಡ್ಡದರಲ್ಲಿ 379 ಜನ ಇದ್ದರು. ಕಿಟಕಿಯಾಚೆ ಬೆಂಕಿ, ಒಳಗೆ ಹೊಗೆ. ಮೈಕ್ ಕೆಟ್ಟಿತ್ತು, ಸಿಬ್ಬಂದಿ ಮೆಗಾಫೋನ್ ಹಿಡಿದು ಕೂಗಿದರು. 8 ಬಾಗಿಲುಗಳಲ್ಲಿ 3 ಮಾತ್ರ ಬಳಸಲು ಆಯಿತು. ಆದರೂ 379 ಜನರೂ ಹೊರಗೆ ಬಂದರು. ಆಮೇಲೆ ವಿಮಾನ ಸುಟ್ಟು ಬೂದಿಯಾಯಿತು.

ಇದರ ಪಕ್ಕಕ್ಕೆ ಇನ್ನೊಂದನ್ನು ಇಡುತ್ತೇನೆ. 1980ರ ಆಗಸ್ಟ್‌ನಲ್ಲಿ ರಿಯಾದ್‌ನಲ್ಲಿ ಬೆಂಕಿ ಹೊತ್ತಿದ್ದ ವಿಮಾನ ಸರಿಯಾಗಿಯೇ ನೆಲಕ್ಕಿಳಿಯಿತು. ಇಳಿದ ಮೇಲೆ ತಕ್ಷಣ ನಿಲ್ಲಲಿಲ್ಲ. ನಿಂತ ಮೇಲೂ ಬಾಗಿಲು ಬೇಗ ತೆರೆಯಲಿಲ್ಲ. ಒಳಗಿದ್ದ 301 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ನಾನು ಪ್ರತಿ ಹೊಸ ತಂಡಕ್ಕೂ ಮೊದಲ ದಿನ ಈ ಎರಡನೆಯದನ್ನೇ ಹೇಳುತ್ತಿದ್ದೆ. ಕ್ಲಾಸಿನಲ್ಲಿ ಆಮೇಲೆ ಯಾರೂ ಆಕಳಿಸುತ್ತಿರಲಿಲ್ಲ.

ತಿಂಗಳಿಗೆ ನಾಲ್ಕು ಸಲ ಹಾರುತ್ತೇನೆ. ಡೆಮೊ ನನಗೆ ಬಾಯಿಪಾಠ. ಆದರೂ ನೋಡಬೇಕಾ?

ಬಾಯಿಗೆ ಪಾಠ ಆಗಿದೆ, ಒಪ್ಪಿದೆ. ಕೈಗೆ ಆಗಿದೆಯಾ?

ನನ್ನದೇ ಮರ್ಯಾದೆ ಹೋದ ಕಥೆ ಕೇಳಿ. ಕೆಲಸಕ್ಕೆ ಸೇರಿ ನಾಲ್ಕನೇ ವರ್ಷ. ವರ್ಷಕ್ಕೊಮ್ಮೆ ನಡೆಯುವ ಮರುತರಬೇತಿ. ವಿಮಾನದ ಒಳಭಾಗದಂತೆಯೇ ಕಟ್ಟಿದ ಒಂದು ಕೋಣೆ, ಅದಕ್ಕೆ ಸುಳ್ಳು ಹೊಗೆ ತುಂಬಿ ದೀಪ ಆರಿಸುತ್ತಾರೆ. ಆ ದಿನ ನನ್ನನ್ನು ಪ್ರಯಾಣಿಕಳ ಸೀಟಿನಲ್ಲಿ ಕೂರಿಸಿದ್ದರು. 'ಬೆಲ್ಟ್ ಬಿಚ್ಚಿ, ಹೊರಗೆ ಬನ್ನಿ' ಎಂಬ ಕೂಗು ಕೇಳಿತು. ನನ್ನ ಬಲಗೈ ಸೀದಾ ಸೊಂಟದ ಪಕ್ಕಕ್ಕೆ ಹೋಯಿತು. ಅಲ್ಲಿ ಹೆಬ್ಬೆರಳಿನಿಂದ ಒತ್ತಿದೆ, ಒತ್ತಿದೆ, ಒತ್ತುತ್ತಲೇ ಇದ್ದೆ. ಅಲ್ಲಿ ಏನೂ ಇರಲಿಲ್ಲ. ಅದು ಕಾರಿನ ಬೆಲ್ಟಿನ ಬಟನ್ ಇರುವ ಜಾಗ! ವಿಮಾನದ ಬೆಲ್ಟಿನ ಬಕಲ್ ಹೊಟ್ಟೆಯ ನಡುವೆ ಇರುತ್ತದೆ, ಅದರ ಮುಚ್ಚಳ ಎತ್ತಬೇಕು. ಸಾವಿರಾರು ಸಲ ನಾನೇ ಪ್ರಯಾಣಿಕರ ಮುಂದೆ ನಿಂತು ತೋರಿಸಿದ್ದೆ. ತಲೆಗೆ ಗೊತ್ತಿತ್ತು, ಕೈಗೆ ಕಾರು ಗೊತ್ತಿತ್ತು. ಹೊಗೆಯಲ್ಲಿ ಗೆದ್ದದ್ದು ಕೈ. ಪಕ್ಕದ ಸೀಟಿನವಳು ನನ್ನ ಮೇಲೆ ಹತ್ತಿ ದಾಟಿಹೋದಳು. ನಿಜವಾದ ಅಪಘಾತಗಳಲ್ಲಿ ಬದುಕಿ ಬಂದವರೂ ಇದೇ ಎಡವಟ್ಟು ಹೇಳಿಕೊಂಡಿದ್ದಾರೆ.

ಆವತ್ತಿನಿಂದ ನಾನು ಎಲ್ಲಿಗೆ ಹಾರಿದರೂ ಸೀಟಿನಲ್ಲಿ ಕೂತ ತಕ್ಷಣ ಮೂರು ಸಲ ಬೆಲ್ಟ್ ಹಾಕಿ ಬಿಚ್ಚುತ್ತೇನೆ. ಕಣ್ಣು ಮುಚ್ಚಿಕೊಂಡು. ಪಕ್ಕದವರು ನೋಡಿ ನಕ್ಕರೆ ನಗಲಿ.

ಇನ್ನೊಂದು ಎಣಿಕೆಯ ಕೆಲಸ. ನಿಮ್ಮ ಸೀಟಿನಿಂದ ಮುಂದಿನ ಬಾಗಿಲಿಗೆ ಎಷ್ಟು ಸಾಲು, ಹಿಂದಿನ ಬಾಗಿಲಿಗೆ ಎಷ್ಟು ಸಾಲು ಎಂದು ಎಣಿಸಿಕೊಳ್ಳಿ. ಎರಡೂ ಬೇಕು, ಯಾಕೆಂದರೆ ಒಂದು ಕಡೆ ಬೆಂಕಿ ಇರಬಹುದು. ಜನ ಒಳಗೆ ಬಂದ ಬಾಗಿಲಿನ ಕಡೆಗೇ ಓಡುತ್ತಾರೆ, ಬೆನ್ನ ಹಿಂದೆ ನಾಲ್ಕೇ ಸಾಲಿನಲ್ಲಿ ಇನ್ನೊಂದು ಬಾಗಿಲಿದ್ದರೂ ತಿರುಗಿ ನೋಡುವುದಿಲ್ಲ. 'ಮುಂದೆ ಏಳು, ಹಿಂದೆ ನಾಲ್ಕು', ಇಷ್ಟು ನೆನಪಿದ್ದರೆ ಹೊಗೆಯಲ್ಲಿ ಸೀಟಿನ ಬೆನ್ನು ಮುಟ್ಟಿ ಮುಟ್ಟಿ ಹೋಗಬಹುದು. ತಲೆ ಬಗ್ಗಿಸಿ ಹೋಗಿ. ಬಿಸಿ ಹೊಗೆ ಮೇಲೆ ನಿಲ್ಲುತ್ತದೆ, ಉಸಿರಾಡಬಹುದಾದ ಗಾಳಿ ಕೆಳಗೆ ಸ್ವಲ್ಪ ಉಳಿದಿರುತ್ತದೆ. ನೆಲದಲ್ಲಿ ಸಾಲಾಗಿ ದಾರಿ ತೋರಿಸುವ ಗುರುತು ಇರುವುದೂ ಅದಕ್ಕೇ.

1983ರ ಜೂನ್‌ನಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಶೌಚಾಲಯದ ಕಡೆ ಬೆಂಕಿ ಕಾಣಿಸಿದ್ದ ವಿಮಾನ ಇಳಿಯಿತು. ಬಾಗಿಲು ತೆರೆದ ಒಂದು, ಒಂದೂವರೆ ನಿಮಿಷದೊಳಗೆ ಹೊರಗಿನ ಗಾಳಿ ಒಳನುಗ್ಗಿ ಕ್ಯಾಬಿನ್ ಪೂರ್ತಿ ಭಗ್ ಎಂದು ಹೊತ್ತಿಕೊಂಡಿತು. 46 ಜನರಲ್ಲಿ 23 ಜನ ಹೊರಬಂದರು, 23 ಜನ ಬರಲಿಲ್ಲ. ಶೌಚಾಲಯದಲ್ಲಿ ಹೊಗೆ ಪತ್ತೆ ಮಾಡುವ ಯಂತ್ರ ಕಡ್ಡಾಯವಾದದ್ದು ಅದಾದ ಮೇಲೆ. ಅಲ್ಲಿ ಕದ್ದು ಬೀಡಿ ಸಿಗರೇಟ್ ಸೇದಿ ಸಿಕ್ಕಿಬೀಳುವವರಿಗೆ ಈ ಕಥೆ ಗೊತ್ತಿರುವುದಿಲ್ಲ.

ನನ್ನ ಲ್ಯಾಪ್‌ಟಾಪ್ ಬ್ಯಾಗ್ ತುಂಬ ಚಿಕ್ಕದು, ಹೆಗಲಿಗೆ ಹಾಕಿಕೊಂಡರೆ ಯಾರಿಗೇನು ತೊಂದರೆ? ಅದರಲ್ಲಿ ಮೂರು ವರ್ಷದ ಕೆಲಸ ಇದೆ.

ಪ್ರತಿಯೊಬ್ಬರ ಬ್ಯಾಗೂ ಚಿಕ್ಕದೇ ತಮ್ಮಾ. ಪ್ರತಿಯೊಬ್ಬರಿಗೂ ಅದರಲ್ಲಿ ಏನೋ ಇರುತ್ತದೆ.

ಲೆಕ್ಕ ಹೇಳುತ್ತೇನೆ. ದೊಡ್ಡ ವಿಮಾನ ಹಾರಲು ಒಪ್ಪಿಗೆ ಪಡೆಯಬೇಕಾದರೆ, ಅರ್ಧ ಬಾಗಿಲುಗಳನ್ನಷ್ಟೇ ಬಳಸಿ 90 ಸೆಕೆಂಡಿನಲ್ಲಿ ಎಲ್ಲರನ್ನೂ ಹೊರಗೆ ಕಳಿಸಬಹುದು ಎಂದು ತೋರಿಸಬೇಕು. ಎ380 ವಿಮಾನಕ್ಕೆ 2006ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಈ ಪರೀಕ್ಷೆ ನಡೆಯಿತು. ಕತ್ತಲು, ದಾರಿಯಲ್ಲಿ ಬೇಕೆಂದೇ ಹರಡಿದ ಸಾಮಾನು. 16 ಬಾಗಿಲುಗಳಲ್ಲಿ 8 ಮಾತ್ರ ತೆರೆದವು, ಯಾವ 8 ಎಂದು ಒಳಗಿದ್ದವರಿಗೆ ಮೊದಲೇ ಗೊತ್ತಿಲ್ಲ. 873 ಜನ 78 ಸೆಕೆಂಡಿನಲ್ಲಿ ಹೊರಗೆ! ಅಂದರೆ ಒಂದು ಸೆಕೆಂಡಿಗೆ ಹನ್ನೊಂದು ಜನ. ಈಗ ನೀವು ಎದ್ದು ನಿಂತು, ತಲೆ ಮೇಲಿನ ಪೆಟ್ಟಿಗೆಯ ಮುಚ್ಚಳ ಎತ್ತಿ, ಬೇರೆಯವರ ಬ್ಯಾಗ್ ಸರಿಸಿ, ನಿಮ್ಮದು ಎಳೆದುಕೊಳ್ಳಲು ಎಷ್ಟು ಸೆಕೆಂಡು? ಹತ್ತು ಎನ್ನೋಣ. ನಿಮ್ಮ ಹಿಂದೆ ನಿಂತವರನ್ನು ನೀವೇ ಎಣಿಸಿ.

ಬರೀ ಸಮಯದ ಮಾತಲ್ಲ. ಬಾಗಿಲಿನಿಂದ ನೆಲಕ್ಕೆ ಜಾರಿ ಇಳಿಯುವ ಸ್ಲೈಡ್ ಗಾಳಿ ತುಂಬಿದ ಬಟ್ಟೆ. ಬ್ಯಾಗಿನ ಚೂಪು ಮೂಲೆ, ಎತ್ತರದ ಹಿಮ್ಮಡಿಯ ಚಪ್ಪಲಿ ಅದನ್ನು ಹರಿಯಬಹುದು. ಹರಿದರೆ ಆ ಬಾಗಿಲೇ ಹೋದಂತೆ. ಜತೆಗೆ, ಎದೆಗೆ ಬ್ಯಾಗ್ ಅವುಚಿಕೊಂಡು ಜಾರಿದವರು ಕೆಳಗೆ ಮುಗ್ಗರಿಸುತ್ತಾರೆ, ಮೇಲಿನಿಂದ ಬರುವವರು ಅವರ ಮೇಲೆ ಬೀಳುತ್ತಾರೆ. ತರಬೇತಿಯಲ್ಲಿ ನನ್ನ ಮೊಣಕೈ ಸುಲಿದದ್ದು ಇಂಥದೇ ಒಬ್ಬನಿಂದ. ಅವನ ಕೈಯಲ್ಲಿ ಇದ್ದದ್ದು ನೀರಿನ ಬಾಟಲಿ, ಅಷ್ಟೇ.

ನಿಮ್ಮ ಮೂರು ವರ್ಷದ ಕೆಲಸಕ್ಕೆ ಇನ್ನೊಂದು ಪ್ರತಿ ಮಾಡಿ ಮನೆಯಲ್ಲಿಡಿ. ಪಾಸ್‌ಪೋರ್ಟ್, ಫೋನ್, ದಿನಾ ಬೇಕಾದ ಮಾತ್ರೆ, ಇವನ್ನು ಟೇಕಾಫ್ ಮತ್ತು ಲ್ಯಾಂಡಿಂಗ್ ಹೊತ್ತಿಗೆ ಜೇಬಿನಲ್ಲಿಟ್ಟುಕೊಳ್ಳಿ. ಜೇಬಿಲ್ಲದ ಬಟ್ಟೆ ಹಾಕಿಕೊಂಡು ಹಾರುವುದನ್ನು ನಾನು ಬಿಟ್ಟು ಎಷ್ಟೋ ವರ್ಷ ಆಯಿತು. ಆ ಹೊತ್ತಿನಲ್ಲಿ ಶೂ ಬಿಚ್ಚಬೇಡಿ, ಕಿಟಕಿಯ ಪರದೆ ಇಳಿಸಬೇಡಿ. ಹೊರಗೆ ಯಾವ ಕಡೆ ಬೆಂಕಿ ಇದೆ ಎಂದು ನಮಗೆ ಕಾಣಬೇಕು.

ಆಕ್ಸಿಜನ್ ಮಾಸ್ಕ್ ಮೊದಲು ನಾವು ಹಾಕಿಕೊಂಡು ಆಮೇಲೆ ಮಗುವಿಗೆ ಹಾಕಬೇಕಂತೆ. ಯಾವ ತಾಯಿಗೆ ಮನಸ್ಸು ಬರುತ್ತೆ ಅಕ್ಕಾ?

ಬರುವುದಿಲ್ಲ ತಂಗಿ, ಗೊತ್ತು. ಅದಕ್ಕೇ ಮನಸ್ಸಿನ ಮೇಲೆ ಬಿಡದೆ ನಿಯಮ ಮಾಡಿದ್ದಾರೆ.

ಗಾಳಿಯ ಒತ್ತಡ ಕಡಿಮೆ ಮಾಡುವ ಒಂದು ಕೋಣೆಯಲ್ಲಿ ನನ್ನನ್ನು ಒಮ್ಮೆ ಕೂರಿಸಿದ್ದರು. ಕೈಯಲ್ಲಿ ಪೆನ್ಸಿಲ್, ಕಾಗದ. 100ರಿಂದ ಏಳೇಳು ಕಳೆಯುತ್ತಾ ಬರೆಯಬೇಕು. 93, 86, 79... ನನಗೆ ಉಸಿರು ಕಟ್ಟಲಿಲ್ಲ, ಭಯವೂ ಆಗಲಿಲ್ಲ. ಬದಲಿಗೆ ಏನೋ ಒಂಥರಾ ಖುಷಿ. ಎಲ್ಲ ಸರಿಯಾಗಿ ಬರೆಯುತ್ತಿದ್ದೇನೆ ಎಂದೇ ಅನಿಸಿತು. ಮಾಸ್ಕ್ ಹಾಕಿದ ಮೇಲೆ ಕಾಗದ ನೋಡಿದರೆ 72 ಆದಮೇಲೆ ಮತ್ತೆ 72, ಮತ್ತೆ 72, ಆಮೇಲೆ ಕೋಳಿ ಕೆದರಿದಂಥ ಗೀಟು. ನನಗೆ ಏನೂ ಆಗಿಲ್ಲ ಎಂದು ನಾನು ವಾದ ಬೇರೆ ಮಾಡಿದೆನಂತೆ.

35,000 ಅಡಿ ಎತ್ತರದಲ್ಲಿ ವಿಮಾನದೊಳಗಿನ ಗಾಳಿಯ ಒತ್ತಡ ಹೋದರೆ ಬುದ್ಧಿ ನೆಟ್ಟಗೆ ಕೆಲಸ ಮಾಡುವುದು ಸುಮಾರು 30ರಿಂದ 60 ಸೆಕೆಂಡು. ಮಗು ಕೊಸರಾಡುತ್ತದೆ, ಮಾಸ್ಕ್ ಕಿತ್ತು ಹಾಕುತ್ತದೆ. ಅದರ ಜತೆ ಗುದ್ದಾಡುವುದರಲ್ಲೇ ನಿಮ್ಮ ಅರ್ಧ ನಿಮಿಷ ಮುಗಿದು, ನೀವು ಅದೇ 72 ಬರೆಯುತ್ತಾ ಕೂತಿರುತ್ತೀರಿ. ನಿಮ್ಮ ಮಾಸ್ಕಿಗೆ ಐದು ಸೆಕೆಂಡು ಸಾಕು. ಆಮೇಲೆ ಮಗುವಿಗೆ ಎರಡೂ ಕೈ ಕೊಡಬಹುದು.

ಮಾಸ್ಕ್ ಸುಮ್ಮನೆ ಮುಖಕ್ಕೆ ಹಿಡಿದರೆ ಸಾಲದು, ಮೊದಲು ಜಗ್ಗಿ ಎಳೆಯಬೇಕು. ತುಂಬ ವಿಮಾನಗಳಲ್ಲಿ ಆ ಎಳೆತದಿಂದಲೇ ಮೇಲಿನ ಡಬ್ಬಿಯಲ್ಲಿ ರಾಸಾಯನಿಕ ಕ್ರಿಯೆ ಶುರುವಾಗಿ ಆಕ್ಸಿಜನ್ ಬರುತ್ತದೆ. ಡಬ್ಬಿ ಬಿಸಿಯಾಗಿ ಸ್ವಲ್ಪ ಸುಟ್ಟ ವಾಸನೆ ಬರಬಹುದು, ಹೆದರಬೇಡಿ. ಚೀಲ ಉಬ್ಬದಿದ್ದರೂ ಆಕ್ಸಿಜನ್ ಬರುತ್ತಿರುತ್ತದೆ. ಮೂಗು, ಬಾಯಿ ಎರಡೂ ಮುಚ್ಚಬೇಕು. 2018ರಲ್ಲಿ ಅಮೆರಿಕದಲ್ಲಿ ಎಂಜಿನ್ ಒಡೆದು ಕಿಟಕಿ ಕಿತ್ತುಹೋದ ವಿಮಾನದ ಒಳಗಿನ ಫೋಟೊ ಜಗತ್ತೆಲ್ಲ ನೋಡಿತು. ಅದರಲ್ಲಿ ಎಷ್ಟೋ ಜನ ಮಾಸ್ಕನ್ನು ಬಾಯಿಗೆ ಮಾತ್ರ ಹಾಕಿಕೊಂಡು ಮೂಗು ಹೊರಗೆ ಬಿಟ್ಟಿದ್ದರು. ಆ ಫೋಟೊ ನೋಡಿ ನಾನು ತಲೆ ತಲೆ ಚಚ್ಚಿಕೊಂಡೆ.

ಈ ಆಕ್ಸಿಜನ್ ಹತ್ತು ಹನ್ನೆರಡು ನಿಮಿಷದ ಮಾತು. ಅಷ್ಟರಲ್ಲಿ ಪೈಲಟ್ ವಿಮಾನವನ್ನು ಮಾಸ್ಕ್ ಇಲ್ಲದೆಯೂ ಉಸಿರಾಡಬಹುದಾದ 10,000 ಅಡಿಯ ಹತ್ತಿರಕ್ಕೆ ತರುತ್ತಾರೆ. ಇಳಿಯುವ ರಭಸಕ್ಕೆ 'ಬೀಳುತ್ತಿದೆ' ಎಂದು ಜನ ಕಿರುಚುತ್ತಾರೆ. ಬೀಳುತ್ತಿಲ್ಲ, ಬೇಕೆಂದೇ ಇಳಿಸುತ್ತಿದ್ದಾರೆ.

ನೀವು ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಎರಡು ವರ್ಷದೊಳಗಿನ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳಲು ಬಿಡುತ್ತಾರೆ, ನಿಜ. ಆದರೆ ದೊಡ್ಡ ಹೊಡೆತ ಬಿದ್ದಾಗ ಯಾವ ತಾಯಿಯ ತೋಳಿಗೂ ಮಗುವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ. ಆಗುತ್ತದೆ ಎಂದಾದರೆ ಮಗುವಿಗೂ ಒಂದು ಸೀಟು ತೆಗೆದುಕೊಂಡು, ವಿಮಾನದಲ್ಲಿ ಬಳಸಲು ಒಪ್ಪಿಗೆ ಇರುವ ಮಕ್ಕಳ ಸೀಟಿನಲ್ಲಿ ಕೂರಿಸಿ. ದುಡ್ಡಿನ ವಿಷಯ, ನನಗೆ ಅರ್ಥವಾಗುತ್ತದೆ.

ಈಜು ಬರೋದಿಲ್ಲ. ನೀರಿನಲ್ಲಿ ಇಳಿಯುತ್ತದೆ ಎಂದು ಗೊತ್ತಾದ ತಕ್ಷಣ ಲೈಫ್ ಜಾಕೆಟ್‌ಗೆ ಗಾಳಿ ತುಂಬಿಸಿಕೊಂಡರೆ ಒಳ್ಳೆಯದಲ್ವಾ?

ಜಾಕೆಟ್ ಹಾಕಿಕೊಳ್ಳಿ, ಗಾಳಿ ಮಾತ್ರ ತುಂಬಬೇಡಿ. ನೀರು ಒಳಗೆ ನುಗ್ಗಿದರೆ ಉಬ್ಬಿದ ಜಾಕೆಟ್ ನಿಮ್ಮನ್ನು ಛಾವಣಿಗೆ ಒತ್ತಿ ಹಿಡಿಯುತ್ತದೆ. ಬಾಗಿಲು ಕೆಳಗಿರುತ್ತದೆ, ಮುಳುಗಿ ಹೋಗಲು ಆಗುವುದಿಲ್ಲ. 1996ರ ನವೆಂಬರ್‌ನಲ್ಲಿ ಅಪಹರಣಕ್ಕೆ ಒಳಗಾದ ಇಥಿಯೋಪಿಯಾದ ವಿಮಾನ ಇಂಧನ ಮುಗಿದು ಕೊಮೊರೋಸ್ ದ್ವೀಪದ ಹತ್ತಿರ ಸಮುದ್ರಕ್ಕೆ ಬಿತ್ತು. 175 ಜನರಲ್ಲಿ 50 ಜನ ಉಳಿದರು. ಹೊಡೆತಕ್ಕೆ ಬದುಕಿಯೂ ಒಳಗೇ ಸಿಕ್ಕಿಕೊಂಡವರಲ್ಲಿ ಹಲವರ ಜಾಕೆಟ್ ಮೊದಲೇ ಉಬ್ಬಿತ್ತು. ಬಾಗಿಲ ಹೊಸ್ತಿಲು ದಾಟುವಾಗ ಕೆಂಪು ಹಿಡಿ ಎಳೆಯಿರಿ, ಅದಕ್ಕೆ ಮೊದಲು ಬೇಡ. ಜಾಕೆಟ್ ಎಲ್ಲಿದೆ ಎಂದು ಕೂತಾಗಲೇ ಸೀಟಿನಡಿ ಕೈ ಹಾಕಿ ಮುಟ್ಟಿ ನೋಡಿಕೊಳ್ಳಿ. 2009ರಲ್ಲಿ ನ್ಯೂಯಾರ್ಕಿನ ಹಡ್ಸನ್ ನದಿಯಲ್ಲಿ ಇಳಿದ ವಿಮಾನದ 155 ಜನರೂ ಬದುಕಿದರು, ಆದರೆ ಜನವರಿಯ ಆ ಕೊರೆವ ಚಳಿಯಲ್ಲಿ ತುಂಬ ಜನ ಜಾಕೆಟ್ ಇಲ್ಲದೆಯೇ ರೆಕ್ಕೆಯ ಮೇಲೆ ನಿಂತಿದ್ದರು.

ಬೆಲ್ಟಿನ ದೀಪ ಆರಿದ ಮೇಲೆ ಬಿಚ್ಚಿದರೆ ತಪ್ಪಾ?

ತಪ್ಪಲ್ಲ, ದಡ್ಡತನ. 2024ರ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೊರಟ ವಿಮಾನ ಗಾಳಿಯ ಕುಲುಕಾಟಕ್ಕೆ ಸಿಕ್ಕಿ 4.6 ಸೆಕೆಂಡಿನಲ್ಲಿ 178 ಅಡಿ ಇಳಿಯಿತು. ಬೆಲ್ಟ್ ಹಾಕದವರು ಮೇಲಕ್ಕೆ ಹಾರಿ ಛಾವಣಿಗೆ ಬಡಿದರು. ಹತ್ತಾರು ಜನರಿಗೆ ಪೆಟ್ಟು, ಒಬ್ಬರ ಜೀವವೂ ಹೋಯಿತು.

ನನಗೂ ಒಮ್ಮೆ ಆಗಿದೆ. ಆಕಾಶ ತಿಳಿಯಾಗಿತ್ತು, ಮೋಡದ ಚೂರೂ ಇಲ್ಲ. ಟ್ರಾಲಿ ತಳ್ಳುತ್ತಿದ್ದೆ. ಕಾಲಡಿಯ ನೆಲ ಇಲ್ಲವಾಯಿತು, ಮರುಕ್ಷಣ ಟ್ರಾಲಿ ಸಮೇತ ಕೆಳಗೆ. ಎಡ ಪಾದದ ಎರಡು ಮೂಳೆ. ಆರು ವಾರ ಪ್ಲಾಸ್ಟರ್. ಪಕ್ಕದ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದ ಅಜ್ಜನಿಗೆ ಎಚ್ಚರವೂ ಆಗಲಿಲ್ಲ, ಅವರು ಬೆಲ್ಟ್ ಬಿಗಿಯಾಗಿ ಸೊಂಟಕ್ಕೆ ಹಾಕಿದ್ದರು. ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ. ಹಾಗೇ ಹಾಕಬೇಕು.

ಯಾರಾದರೂ ತಲೆಕೆಟ್ಟು ಆಕಾಶದಲ್ಲಿ ಬಾಗಿಲು ತೆಗೆದರೆ? ನನಗೆ 13 ವರ್ಷ.

ಎತ್ತರದಲ್ಲಿ ಆಗುವುದಿಲ್ಲ ಪುಟ್ಟಾ. ಒಳಗಿನ ಗಾಳಿ ಬಾಗಿಲನ್ನು ಅದರ ಚೌಕಟ್ಟಿಗೆ ಎಷ್ಟು ಜೋರಾಗಿ ಒತ್ತಿಟ್ಟಿರುತ್ತದೆ ಎಂದರೆ, ಹತ್ತು ಪೈಲ್ವಾನರು ಬಂದರೂ ಕದಲದು. ನೆಲದ ಹತ್ತಿರ ಬಂದಾಗ ಆ ಒತ್ತಡ ಇರುವುದಿಲ್ಲ. 2023ರ ಮೇ ತಿಂಗಳಲ್ಲಿ ದಕ್ಷಿಣ ಕೊರಿಯಾದ ಡೇಗುವಿನಲ್ಲಿ ಇಳಿಯುವ ವಿಮಾನದಲ್ಲಿ ಒಬ್ಬ ಹೀಗೇ ಮಾಡಿಬಿಟ್ಟ. ವಿಮಾನ ಬಾಗಿಲು ತೆರೆದುಕೊಂಡೇ ಇಳಿಯಿತು, ಯಾರೂ ಹೊರಗೆ ಬೀಳಲಿಲ್ಲ. ಯಾಕೆ ಹೇಳು? ಬೆಲ್ಟ್.

ಪವರ್ ಬ್ಯಾಂಕ್ ಎಲ್ಲಿಡಬೇಕು? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಚೆಕ್-ಇನ್ ಬ್ಯಾಗಿನಲ್ಲಿ ಬೇಡವೇ ಬೇಡ. ತಲೆ ಮೇಲಿನ ಪೆಟ್ಟಿಗೆಯಲ್ಲೂ ಬೇಡ. ಕಣ್ಣಿಗೆ ಕಾಣುವ ಹಾಗೆ ನಿಮ್ಮ ಹತ್ತಿರವೇ ಇರಲಿ. 2025ರ ಜನವರಿಯಲ್ಲಿ ಕೊರಿಯಾದ ಬುಸಾನ್‌ನಲ್ಲಿ ಹೊರಡಲು ನಿಂತಿದ್ದ ವಿಮಾನದ ಲಗೇಜ್ ಪೆಟ್ಟಿಗೆಯಲ್ಲಿ ಬೆಂಕಿ ಕಾಣಿಸಿತು, ಒಳಗಿದ್ದ 176 ಜನರೂ ಸ್ಲೈಡ್‌ನಲ್ಲಿ ಇಳಿದು ಪಾರಾದರು. ಮುಚ್ಚಿದ ಪೆಟ್ಟಿಗೆಯೊಳಗೆ ಹೊಗೆ ಶುರುವಾದರೆ ತಿಳಿಯುವುದು ತಡ. ನಿಮ್ಮ ಹತ್ತಿರವೇ ಬಿಸಿಯಾದರೆ, ಉಬ್ಬಿದರೆ, ಸಿಬ್ಬಂದಿಯನ್ನು ಕೂಗಿ. ಮೊಬೈಲ್ ಸೀಟಿನ ಸಂದಿಗೆ ಬಿದ್ದರೆ ಸೀಟನ್ನು ಹಿಂದೆ ಮುಂದೆ ಮಾಡಬೇಡಿ. ಬ್ಯಾಟರಿ ಜಜ್ಜಿದರೆ ಅದೇ ಬೆಂಕಿಗೆ ಮೂಲ. ನಮ್ಮನ್ನು ಕರೆಯಿರಿ, ನಾವು ತೆಗೆದುಕೊಡುತ್ತೇವೆ. ನಿವೃತ್ತಿಯಾದರೂ 'ನಾವು' ಎಂದೇ ಬರುತ್ತದೆ, ನೋಡಿ.

ಯಾವ ಸೀಟು ಎಲ್ಲಕ್ಕಿಂತ ಸೇಫ್?

ಬಾಗಿಲಿಗೆ ಹತ್ತಿರ ಇದ್ದಷ್ಟೂ ವಾಸಿ. ಅದಕ್ಕಿಂತ ಜಾಸ್ತಿ ಹೇಳುವವರನ್ನು ನಂಬಬೇಡಿ.

ನನಗೆ 76 ವರ್ಷ, ಎರಡೂ ಮೊಣಕಾಲು ನೋವು, ಊರುಗೋಲು ಹಿಡಿದು ನಡೆಯುತ್ತೇನೆ. ಮಗಳ ಜತೆ ಮೊದಲ ಸಲ ವಿಮಾನ ಹತ್ತುತ್ತಿದ್ದೇನೆ. ಏನಾದರೂ ಆದರೆ ನಾನು ಹಾರಬಲ್ಲೆನೇ? ನನ್ನಿಂದ ಉಳಿದವರಿಗೆ ಅಡ್ಡಿಯಾಗುತ್ತದೆ ಎಂಬುದೇ ಚಿಂತೆ.

ಅಮ್ಮಾ, ನಿಮ್ಮ ಪತ್ರವನ್ನು ಕೊನೆಗೆ ಇಟ್ಟುಕೊಂಡೆ, ಯಾಕೆಂದರೆ ಅಡ್ಡಿಯಾಗುವ ಚಿಂತೆ ಮಾಡಿದವರು ಇಷ್ಟು ಪತ್ರಗಳಲ್ಲಿ ನೀವೊಬ್ಬರೇ.

ವಿಮಾನ ಹತ್ತುವಾಗಲೇ ಬಾಗಿಲಲ್ಲಿ ನಿಂತ ಹುಡುಗಿಗೆ 'ನನಗೆ ಬೇಗ ನಡೆಯಲು ಆಗುವುದಿಲ್ಲ' ಎಂದು ಹೇಳಿ. ಸಂಕೋಚ ಬೇಡ. ನಿಮಗೆ ಹೇಗೆ ಸಹಾಯ ಮಾಡಬೇಕು, ದಾರಿ ಯಾವುದು ಎಂದು ಅವಳು ನಿಮ್ಮ ಹತ್ತಿರ ಬಂದು ವಿವರಿಸುತ್ತಾಳೆ. ತುರ್ತು ಬಾಗಿಲಿನ ಸಾಲಿನಲ್ಲಿ ಮಾತ್ರ ನಿಮ್ಮನ್ನು ಕೂರಿಸುವುದಿಲ್ಲ. ಅಲ್ಲಿ ಕೂತವರು ಭಾರದ ಬಾಗಿಲನ್ನು ತಾವೇ ತೆಗೆಯಬೇಕಾಗಬಹುದು.

'ತಲೆ ಬಗ್ಗಿಸಿ' ಎಂಬ ಕೂಗು ಕೇಳಿದರೆ ಹಣೆಯನ್ನು ಮುಂದಿನ ಸೀಟಿಗೆ ಆನಿಸಿ, ಕೈಗಳನ್ನು ತಲೆಯ ಮೇಲಿಡಿ. ಬೆರಳಿಗೆ ಬೆರಳು ಹೆಣೆಯಬೇಡಿ. ಪಾದ ನೆಲಕ್ಕೆ ಒತ್ತಿ, ಮೊಣಕಾಲಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. ನೋವಾದರೆ ಎಷ್ಟು ಆಗುತ್ತದೋ ಅಷ್ಟು. ವಿಮಾನ ಪೂರ್ತಿ ನಿಲ್ಲುವ ತನಕ ಹಾಗೇ ಇರಿ, ಹೊಡೆತ ಒಂದೇ ಸಲ ಬರುವುದಿಲ್ಲ.

ಬೇರೆಯವರಿಗೆ 'ಹಾರಿ' ಎನ್ನುತ್ತೇವೆ. ನಿಮ್ಮಂಥವರನ್ನು ಹೊಸ್ತಿಲಲ್ಲಿ ಕೂರಿಸಿ ಜಾರಲು ಬಿಡುತ್ತೇವೆ. ನಮ್ಮ ತರಬೇತಿಗೆ ಒಮ್ಮೆ ನಿಮ್ಮದೇ ವಯಸ್ಸಿನವರೊಬ್ಬರು ಪ್ರಯಾಣಿಕರ ಪಾತ್ರಕ್ಕೆ ಬಂದಿದ್ದರು. ಸ್ಲೈಡಿನ ಮೇಲ್ತುದಿಯಲ್ಲಿ ನಿಂತು ಕೆಳಗೆ ನೋಡಿ 'ಅಯ್ಯೋ' ಎಂದರು. ನಾನು ಕೂರಿಸಿ, ಎರಡೂ ಕೈ ಎದೆಯ ಮೇಲೆ ಕತ್ತರಿ ಹಾಕಿಸಿ, ಬೆನ್ನಿಗೆ ಮೆಲ್ಲಗೆ ಕೈಕೊಟ್ಟೆ. ಕೆಳಗೆ ಹೋಗಿ ನಿಂತವರು ಮೊದಲು ಹುಡುಕಿದ್ದು ತಮ್ಮ ಒಂದು ಚಪ್ಪಲಿಯನ್ನು. ಅದಕ್ಕೇ ಹೇಳುತ್ತೇನೆ, ಹಿಂದೆ ಪಟ್ಟಿ ಇರುವುದನ್ನೋ ಕ್ಯಾನ್ವಾಸ್ ಶೂವನ್ನೋ ಹಾಕಿಕೊಂಡು ಬನ್ನಿ. ಊರುಗೋಲು ಮಾತ್ರ ಒಳಗೇ ಬಿಡಬೇಕಾಗುತ್ತದೆ. ಅದನ್ನು ತರಲು ತಿರುಗಿ ಹೋಗಬೇಡ ಎಂದು ಮಗಳಿಗೆ ಮನೆಯಲ್ಲೇ ಹೇಳಿಡಿ.